ರಿಲೀವರ್ ಇಲ್ಲದ ಶಿಫ್ಟು

ಕೇದಾರಕ್ಕೆ ಹೋಗುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಸಂಕ್ರಾಂತಿಯ ದಿನ, ಎಳ್ಳು-ಬೆಲ್ಲದ ತಟ್ಟೆ ಇನ್ನೂ ಟೀಪಾಯಿಯ ಮೇಲಿದ್ದಾಗಲೇ. ಏಪ್ರಿಲ್ ಬಂದರೂ ನಾವು ಭದ್ರಾವತಿಯ ಜನ್ನಾಪುರದ ನಮ್ಮ ಹಾಲ್ ಬಿಟ್ಟು ಕದಲಿರಲಿಲ್ಲ. ಗೋಡೆಯ ಮೇಲೆ ಮಾತ್ರ ಪ್ರಯಾಣದ ಐದು ಚಾರ್ಟುಗಳು ಹತ್ತಿ ಇಳಿದು ಆರನೆಯದು ಹತ್ತಿತ್ತು. ಪ್ರತಿ ಸಲ ಟೇಪು ಕೀಳುವಾಗ ಅದರ ಜೊತೆ ಒಂದಿಷ್ಟು ಸುಣ್ಣವೂ ಕಿತ್ತು ಬರುತ್ತಿತ್ತು.

ಚಾರ್ಟು ಬರೆಯುವವರು ನಮ್ಮ ಯಜಮಾನರು, ಉಜ್ಜನಪ್ಪನವರು. ಇದೇ ಊರಿನ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದು ಶಿಫ್ಟ್ ಫೋರ್‌ಮನ್ ಆಗಿ ನಿವೃತ್ತರಾದವರು. ನಿವೃತ್ತಿಯಾಗಿ ಏಳು ವರ್ಷ ಕಳೆದರೂ ಅವರಿಗೆ ಬೆಳಗು, ಮಧ್ಯಾಹ್ನ, ಸಂಜೆ ಎಂಬ ಮಾತು ಬರುವುದಿಲ್ಲ. ಬೆಳಗ್ಗೆ ಆರರಿಂದ ಎರಡರವರೆಗೆ ಎ ಶಿಫ್ಟು, ಎರಡರಿಂದ ಹತ್ತು ಬಿ, ಉಳಿದದ್ದು ಸಿ. ಮೂರು ಗಂಟೆಗೆ ಯಾರಾದರೂ ಕರೆಗಂಟೆ ಒತ್ತಿದರೆ, "ಬಿ ಶಿಫ್ಟಲ್ಲಿ ಯಾರು ಬಂದ್ರು ನೋಡೇ" ಎನ್ನುತ್ತಾರೆ. ಇನ್ನೊಂದು ನಿಯಮ ಅವರ ಮೈಯಲ್ಲೇ ಸೇರಿಹೋಗಿದೆ: ರಿಲೀವರ್ ಬರದೆ ಸೀಟು ಬಿಡಬಾರದು. ಮುಂದಿನ ಶಿಫ್ಟಿನವನು ಬಂದು, ಲಾಗ್ ಬುಕ್ಕಿನಲ್ಲಿ ಸಹಿ ಹಾಕಿ, ಚಾರ್ಜು ತೆಗೆದುಕೊಳ್ಳುವವರೆಗೆ ಇವನು ಯಂತ್ರದ ಮುಂದಿನಿಂದ ಏಳುವಂತಿಲ್ಲ. ಮಗಳು ಅಮೂಲ್ಯ ಹುಟ್ಟಿದ ದಿನ ಇವರು ಆಸ್ಪತ್ರೆಗೆ ಬಂದದ್ದು ಐದು ಗಂಟೆ ತಡವಾಗಿ. ರಿಲೀವರ್ ಬಂದಿರಲಿಲ್ಲವಂತೆ.

ಈ ಪ್ರಯಾಣ ನನ್ನ ಆಸೆ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮೂರನೇ ಚಾರ್ಟಿನ ಹೊತ್ತಿಗೆ ಅದು ಎಲ್ಲರಿಗೂ ಮರೆತುಹೋಗಿತ್ತು.

ನನ್ನ ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಸಂಜೆ ಊರಿನ ಮಠದ ಜಗಲಿಯಲ್ಲಿ ಕಾವ್ಯ ವಾಚನ ಮಾಡುತ್ತಿದ್ದರು. ಅಪ್ಪ ರಾಗವಾಗಿ ಓದುವುದು, ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಅರ್ಥ ಹೇಳುವುದು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ನೆಲದ ವರ್ಣನೆ ಬಂದರೆ ಅಪ್ಪ ಕಡಲಿನಿಂದ ಹಿಡಿದು ಒಂದೊಂದೇ ನಾಡು ದಾಟಿಸಿಕೊಂಡು ಹೋಗುತ್ತಿದ್ದರು. ಹಿಮಾಲಯ ಹತ್ತಿರವಾದಂತೆ ಅವರ ರಾಗ ನಿಧಾನವಾಗುತ್ತಿತ್ತು, ಏರು ಹತ್ತುವವನ ಉಸಿರಿನ ಹಾಗೆ. ಅಪ್ಪ ಮಾತ್ರ ಆಗುಂಬೆಗಿಂತ ಎತ್ತರದ ಗುಡ್ಡ ಕಂಡವರಲ್ಲ. ಹಾಗಾಗಿ ನನಗೆ ಆ ಬೆಟ್ಟವನ್ನು ಕ್ರಮವಾಗಿ ಮುಟ್ಟಬೇಕಿತ್ತು. ಗೋಕರ್ಣದ ಕಡಲಿನಲ್ಲಿ ಕಾಲು ನೆನೆಸಿ, ವಿಮಾನ ಬೇಡ, ರೈಲು ಬೇಡ, ನೆಲದ ಮೇಲೆಯೇ ಹೋಗಿ ಹಿಮದ ಬುಡ ಸೇರಬೇಕಿತ್ತು. ಕಾವ್ಯದಲ್ಲಿ ನಡುವಿನ ಸಂಧಿ ಬಿಟ್ಟು ಮುಂದಕ್ಕೆ ಹಾರುವುದಿಲ್ಲವಲ್ಲ.

ಮಂಗಳ ಹಾಡುವ ಮೊದಲು ಎದ್ದು ಹೋದವರಿಗೆ ಕೇಳಿದ ಫಲ ಇಲ್ಲ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದರು. ಹಾಗೆ ಹೇಳಿ ನನ್ನ ಕಡೆ ನೋಡುತ್ತಿದ್ದರು. ನಾನು ಏಳುತ್ತಿದ್ದೆ. ಕೇಳಲು ಬಂದವರಿಗೆ ಪಂಚಕಜ್ಜಾಯ ಕಲಸುವವರು ಯಾರು? ಕೊಬ್ಬರಿ ತುರಿಯುತ್ತ, ಬೆಲ್ಲ ಪುಡಿ ಮಾಡುತ್ತ, ಮಂಗಳವನ್ನು ನಾನು ಯಾವಾಗಲೂ ಗೋಡೆಯ ಆಚೆಯಿಂದಲೇ ಕೇಳಿದ್ದು.

ಹೋಗುವವರು ಆರು ಜನ. ನಾನು, ಇವರು, ಮಗಳು ಅಮೂಲ್ಯ, ಅಳಿಯ ಮಲ್ಲಿಕ್. ಮಗಳು ಅಳಿಯ ಇರುವುದು ಶಿವಮೊಗ್ಗದ ವಿದ್ಯಾನಗರದಲ್ಲಿ. ಅವಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಅವನಿಗೆ ಮಾಚೇನಹಳ್ಳಿಯಲ್ಲಿ ಲೇತ್ ಮಷಿನ್ನಿನ ಸಣ್ಣ ಶೆಡ್ಡಿದೆ. ಏಳು ಸೀಟಿನ ಕಾರು ಅವನದ್ದೇ. ಇನ್ನಿಬ್ಬರು ಇವರ ಹಳೆಯ ಜೊತೆಗಾರ ನಾಗಯ್ಯ ಮತ್ತು ಅವರ ಹೆಂಡತಿ ಚೌಡಮ್ಮ. ನಾಗಯ್ಯ ಮೂವತ್ತು ವರ್ಷ ಕಾರ್ಖಾನೆಯ ಸೂರಿನಡಿ ಕ್ರೇನ್ ಓಡಿಸಿದವರು. ಆ ಎತ್ತರದಲ್ಲಿ ಕೂತು ಕೂತು ಅವರಿಗೆ ಕೆಳಗಿನವರೆಲ್ಲ ದಾರಿ ತಪ್ಪಿದವರಂತೆಯೇ ಕಾಣುತ್ತಾರೆ.

"ಈ ಗೂಗಲ್ ಹುಡುಗಿ ಮಾತು ಕೇಳಿದ್ರೆ ಸೊಲ್ಲಾಪುರದಲ್ಲೇ ಸನ್ಯಾಸ" ಎನ್ನುತ್ತಿದ್ದರು ನಾಗಯ್ಯ, ನಾಲ್ಕನೇ ಚಾರ್ಟಿನ ಭಾನುವಾರ.

"ಅಂಕಲ್, ಅದು ಟ್ರಾಫಿಕ್ ನೋಡಿ ಹೇಳತ್ತೆ" ಎಂದ ಮಲ್ಲಿಕ್.

"ಟ್ರಾಫಿಕ್ ನಾನೂ ನೋಡ್ತೀನಿ. ನನಗೂ ಕಣ್ಣಿದಾವೆ."

"ಸೊಲ್ಲಾಪುರಕ್ಕೆ ಹೋದ್ಮೇಲೆ ಪಂಢರಪುರ ಪಕ್ಕದಲ್ಲೇ ಅಲ್ವಾ?" ಚೌಡಮ್ಮ ಕೇಳಿದರು.

"ಪಕ್ಕ ಅಲ್ಲ ಚೌಡಮ್ಮ, ಎಪ್ಪತ್ತು ಕಿಲೋಮೀಟರ್" ಎಂದರು ನಮ್ಮವರು.

"ಎರಡು ಸಾವಿರದ ಮುಂದೆ ಎಪ್ಪತ್ತೇನು ಹೇಳಿ? ಆಮೇಲೆ ಶಿರಡಿ. ಅದು ದಾರೀಲೇ ಸಿಗತ್ತೆ, ನನ್ ತಂಗಿ ಹೇಳಿದಾಳೆ."

"ನಿನ್ ತಂಗಿ ದಾರಿ ಹೇಳಿದ್ರೆ ನಾವು ಶಿರಡಿಯಿಂದ ತಿರುಪತಿಗೆ ಹೋಗಿ ಅಲ್ಲಿಂದ ಕೇದಾರಕ್ಕೆ ಹೋಗ್ತೀವಿ ಮಾರಾಯ್ತಿ" ಎಂದರು ನಾಗಯ್ಯ.

"ಉಜ್ಜಯಿನಿ ಬಿಡಂಗಿಲ್ಲ" ಎಂದಳು ಅಮೂಲ್ಯ, ಫೋನಿನಿಂದ ತಲೆ ಎತ್ತದೆ. "ಆಗ್ರಾನೂ."

ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಹೊರಗೆ ಬಂದಾಗ ಗೋಕರ್ಣವನ್ನೇ ಕೈಬಿಟ್ಟಿದ್ದರು. ಕಡಲಿಗೆ ಹೋಗಿ ಬರಲು ಒಂದು ದಿನ ದಂಡ, ಭದ್ರಾವತಿಯಿಂದಲೇ ನೇರ ಹೊರಟರೆ ಪಂಢರಪುರದ ಎಪ್ಪತ್ತು ಕಿಲೋಮೀಟರು ಸರಿತೂಗುತ್ತದೆ ಎಂದು ಲೆಕ್ಕ.

"ಕಡಲು ಬಿಟ್ಟರೆ ನಾನು ಬರಲ್ಲ" ಎಂದೆ.

ನಾನು ಹಾಗೆಲ್ಲ ಮಾತಾಡುವವಳಲ್ಲ. ಗೋಕರ್ಣ ಮತ್ತೆ ಚಾರ್ಟಿಗೆ ಬಂತು. ನಾನು ಗೆದ್ದೆ ಎಂದುಕೊಂಡೆ. ದಾರಿಯ ತಲೆಗೆ ಕಾವಲು ಹಾಕಿ ಬಾಲವನ್ನು ಬಿಟ್ಟಿದ್ದೇನೆ ಎಂದು ತಿಳಿಯಲು ಆರನೇ ಚಾರ್ಟು ಬರಬೇಕಾಯಿತು.

ಆರನೇ ಚಾರ್ಟು ನೋಡಲು ಚೆನ್ನಾಗಿಯೇ ಇತ್ತು. ಮೂರು ಬಣ್ಣದ ಸ್ಕೆಚ್ ಪೆನ್ನು, ಸ್ಕೇಲಿಟ್ಟು ಎಳೆದ ಗೆರೆ. ಸ್ಥಳ, ಶಿಫ್ಟು, ಹೆಸರು, ಕೆಲಸ, ರಿಲೀವರ್ ಎಂದು ಐದು ಕಾಲಂ. ಡ್ರೈವಿಂಗು: ಎ ಶಿಫ್ಟು ಉಜ್ಜನಪ್ಪ, ರಿಲೀವರ್ ಮಲ್ಲಿಕ್. ಬಿ ಶಿಫ್ಟು ಮಲ್ಲಿಕ್, ರಿಲೀವರ್ ಅಮೂಲ್ಯ. ದಾರಿ ನೋಡುವುದು: ನಾಗಯ್ಯ, ರಿಲೀವರ್ ಗೂಗಲ್. ನೀರು, ಔಷಧಿ: ಚೌಡಮ್ಮ, ರಿಲೀವರ್ ಅಮೂಲ್ಯ. ನನ್ನ ಹೆಸರು ಎಲ್ಲಿದೆ ಎಂದು ಹುಡುಕಿದೆ. ಎಲ್ಲ ದಿನಗಳ ಸಾಲಿನ ಕೆಳಗೆ ಒಂದೇ ಗೆರೆ ಉದ್ದಕ್ಕೆ ಹೋಗಿತ್ತು: "ದಾಕ್ಷಾಯಣಮ್ಮ, ಜನರಲ್ ಶಿಫ್ಟು, ಅಡುಗೆ." ಮೂರು ಶಿಫ್ಟಿಗೂ ಸೇರದೆ, ವಾರದ ರಜೆಯೂ ಇಲ್ಲದೆ. ಇವರಿಗೆ ಹೊರಗಿನ ಊಟ ಆಗುವುದಿಲ್ಲ. ಅದಕ್ಕಾಗಿ ಏಳನೇ ಸೀಟಿನ ಮೇಲೆ ಸ್ಟೌವು, ಸಣ್ಣ ಸಿಲಿಂಡರು, ಐದು ಕೆಜಿ ರವೆ.

ಅದು ನನಗೆ ಹೊಸದಲ್ಲ. ಆಗಲಿ, ರವೆ ಹುರಿಯುತ್ತಲೇ ವಿಂಧ್ಯ ದಾಟೋಣ ಎಂದುಕೊಂಡೆ. ಕೊನೆಯ ಸಾಲು ನೋಡಿದೆ.

"ಸೋನ್‌ಪ್ರಯಾಗ. ಬೇಸ್ ಕ್ಯಾಂಪ್. ಎರಡು ದಿನ. ದಾಕ್ಷಾಯಣಮ್ಮ: ಲಗೇಜು ಕಾವಲು, ಅಡುಗೆ." ಅದರ ಕೆಳಗೆ, "ಕೇದಾರ: ಉಳಿದ ಐವರು."

ಕಾರು ಸೋನ್‌ಪ್ರಯಾಗದ ಆಚೆ ಹೋಗುವುದಿಲ್ಲ. ಅಲ್ಲಿಂದ ಜೀಪು, ಆಮೇಲೆ ಹದಿನೆಂಟು ಕಿಲೋಮೀಟರು ನಡಿಗೆ, ಇಲ್ಲವೇ ಕುದುರೆ. ಇದೆಲ್ಲ ನನಗೂ ಗೊತ್ತಿತ್ತು. ನನ್ನನ್ನು ಬಿಟ್ಟು ಹೋಗುತ್ತಾರೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

"ನಾನು ಮೇಲಕ್ಕೆ ಬರೋದು?" ಎಂದು ಕೇಳಿದೆ.

"ನಿಂಗೆ ಮಂಡಿ ನೋವಲ್ವೇನೇ?" ಎಂದರು ಇವರು, ಗೆರೆ ಎಳೆಯುತ್ತಲೇ.

"ಮಂಡಿ ನೋವು ನಿಮಗೆ. ಎಣ್ಣೆ ಹಚ್ಚೋದು ನಾನು."

ಇವರು ಸ್ಕೇಲು ಎತ್ತಿದರು. ನಿಜವಾಗಿಯೂ ಯೋಚಿಸಿದರು. ಹದಿನೈದು ವರ್ಷದಿಂದ ದಿನವೂ ಆ ಎಣ್ಣೆಯ ವಾಸನೆ ಮನೆಯಲ್ಲಿರುವುದರಿಂದ ನೋವು ಇಬ್ಬರಲ್ಲಿ ಯಾರದ್ದೆಂದು ಅವರಿಗೆ ಮರೆತುಹೋಗಿತ್ತೋ ಏನೋ.

"ಬರಬೇಡ ಅಂತ ಯಾರಂದ್ರು?" ಎಂದರು ಕೊನೆಗೆ. "ಕೆಳಗೆ ಚಾರ್ಜ್ ತಗೊಳ್ಳೋಕೆ ಯಾರನ್ನಾದ್ರೂ ನೋಡು. ರಿಲೀವರ್ ಸಿಕ್ಕಿದ್ರೆ ಬಾ. ಅಷ್ಟೂ ಸಾಮಾನು ಬಿಟ್ಟು ಹೋಗೋಕಾಗತ್ತಾ? ಇಳಿದು ಬಂದವರಿಗೆ ಹೊಟ್ಟೆಗೆ ಬೇಡ್ವಾ?"

ಹಾಗೆ ಹೇಳಿ ರಿಲೀವರ್ ಕಾಲಮ್ಮಿನಲ್ಲಿ ನನ್ನ ಸಾಲಿನ ಮುಂದೆ ಒಂದು ಚುಕ್ಕಿ ಇಟ್ಟರು, ಭರ್ತಿ ಮಾಡಬೇಕಾದ ಜಾಗ ಎಂದು.

ಮಾರನೆಯ ದಿನ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮುಂಚೆಯೇ ಅಮೂಲ್ಯಳಿಗೆ ಫೋನ್ ಮಾಡಿದೆ.

"ಅಮ್ಮಾ, ನಾನು ಇರೋ ಬರೋ ರಜೆಯೆಲ್ಲ ಹಾಕಿ ಬರ್ತಿರೋದು ಸೋನ್‌ಪ್ರಯಾಗದಲ್ಲಿ ಚೀಲ ಕಾಯೋಕಾ?" ಎಂದಳು. ಸ್ವಲ್ಪ ತಡೆದು, "ಅಪ್ಪಂಗೆ ಹೇಳು, ಲಗೇಜ್ ಹೋಟೆಲಲ್ಲೇ ಇಟ್ಟು ಹೋಗಬಹುದು ಅಂತ" ಎಂದಳು.

"ನೀನೇ ಹೇಳು."

"ಅಪ್ಪಂಗೆ ಯಾರು ಹೇಳ್ತಾರೆ!" ಎಂದು ನಕ್ಕು, ಕ್ಲಾಸಿಗೆ ಹೊತ್ತಾಯಿತು ಎಂದು ಫೋನಿಟ್ಟಳು.

ಇವರಿಗೆ ಹೋಟೆಲಿನ ವಿಷಯ ನಾನೇ ಹೇಳಿದೆ. "ಹೋಟೆಲಿನೋನು ಲಾಗ್ ಬುಕ್ಕಲ್ಲಿ ಸಹಿ ಹಾಕ್ತಾನಾ?" ಎಂದು ಕೇಳಿದರು. ಆ ಮಾತು ಅಲ್ಲಿಗೆ ಮುಗಿಯಿತು.

ಮಲ್ಲಿಕ್, "ಅತ್ತೆ, ಇಲ್ಲ ಅಂತಿಲ್ಲ, ಆದ್ರೆ ಎರಡೂವರೆ ಸಾವಿರ ಕಿಲೋಮೀಟರ್ ಗಾಡಿ ಓಡಿಸಿ ನಾನು ಕೆಳಗೆ ಕೂತ್ರೆ ನಮ್ ಅಮ್ಮ ನನ್ನ ಮನೆಗೆ ಸೇರಿಸಲ್ಲ" ಎಂದ. ಚೌಡಮ್ಮನಿಗೆ ಹರಕೆ ಇತ್ತು. ನಾಗಯ್ಯ ಮಾತ್ರ ತಲೆ ಕೆರೆದುಕೊಂಡು, "ನೋಡೋಣ ಅಕ್ಕಾರೆ" ಎಂದರು. ನಮ್ಮ ಕಡೆ ನೋಡೋಣ ಎಂದರೆ ನೋಡುವುದಿಲ್ಲ ಎಂದೇ ಅರ್ಥ. ಚುಕ್ಕಿ ಚುಕ್ಕಿಯಾಗಿಯೇ ಉಳಿಯಿತು. ಗುಡಿಸುವಾಗ, ಒರೆಸುವಾಗ, ದೀಪ ಹಚ್ಚುವಾಗ ಅದೇ ಕಣ್ಣಿಗೆ ಬೀಳುತ್ತಿತ್ತು.

ಹೀಗಿರುವಾಗ ಇವರಿಗೆ ಟ್ರಯಲ್ ರನ್ ಹೊಳೆಯಿತು.

"ಯಾವ ಮಷಿನ್ನೂ ಟ್ರಯಲ್ ಇಲ್ಲದೆ ಲೋಡ್ ತಗೊಳ್ಳೋದಿಲ್ಲ" ಎಂದರು. "ಮುಂದಿನ ಭಾನುವಾರ ಒಂದು ರೌಂಡ್. ಭದ್ರಾವತಿನೇ ಗೋಕರ್ಣ. ಮಾಚೇನಹಳ್ಳಿ ಹುಬ್ಬಳ್ಳಿ, ಅಲ್ಲಿ ಶಿಫ್ಟ್ ಚೇಂಜ್. ವಿದ್ಯಾನಗರ ಹರಿದ್ವಾರ. ಹೊಳೆಹೊನ್ನೂರು ಸೋನ್‌ಪ್ರಯಾಗ. ಕೂಡ್ಲಿ ಕೇದಾರ. ಪೂರ್ತಿ ಲಗೇಜ್, ಪೂರ್ತಿ ಅಡುಗೆ, ಪೂರ್ತಿ ಲಾಗ್ ಬುಕ್."

ಮಲ್ಲಿಕ್ ಅಮೂಲ್ಯಳನ್ನು ನೋಡಿದ. ಅಮೂಲ್ಯ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

ಭಾನುವಾರ ಆರಕ್ಕೆ ಹೊರಡಬೇಕಾದವರು ಏಳೂ ಇಪ್ಪತ್ತಕ್ಕೆ ಹೊರಟೆವು. ಕಾರು ತಂದ ಮಲ್ಲಿಕ್ ಹಿಂದೆ ಕೂತು ಕಣ್ಣು ಮುಚ್ಚಿದ. ಎ ಶಿಫ್ಟು ಇವರದ್ದು. ನಲವತ್ತರ ಮೇಲೆ ಮುಳ್ಳು ಹೋಗದಂತೆ ಓಡಿಸುತ್ತಿದ್ದರು. ಹಿಂದಿನಿಂದ ಬಸ್ಸುಗಳು ಹಾರ್ನು ಹೊಡೆದು ಹೊಡೆದು ಸುಸ್ತಾಗಿ, ಪಕ್ಕದಿಂದ ಹೋಗುವಾಗ ಒಮ್ಮೆ ಇಣುಕಿ ನೋಡಿ ಹೋಗುತ್ತಿದ್ದವು.

"ಉಜ್ಜನಪ್ಪನೋರೆ, ಸೈಕಲ್ ಒಂದು ದಾಟ್ತು" ಎಂದರು ನಾಗಯ್ಯ.

"ದಾಟ್ಲಿ. ಅವನು ಕೇದಾರಕ್ಕೆ ಹೋಗ್ತಿಲ್ಲ."

"ಹೋಗ್ತಿದ್ರೆ ನಮಗಿಂತ ಮುಂಚೆ ಮುಟ್ತಾನೆ ಮಾರಾಯ್ರೆ."

ಮಾಚೇನಹಳ್ಳಿಯಲ್ಲಿ ಮಲ್ಲಿಕ್‌ನ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, ಬಾನೆಟ್ಟಿನ ಮೇಲೆ ಲಾಗ್ ಬುಕ್ ಇಟ್ಟು, ಬ್ರೇಕು ಸರಿ, ಡೀಸೆಲ್ ಮುಕ್ಕಾಲು, ಎಡಗಡೆ ಕನ್ನಡಿ ಸ್ವಲ್ಪ ಸಡಿಲ ಎಂದು ಬರೆದು, ಅಳಿಯನಿಂದ ಸಹಿ ತೆಗೆದುಕೊಂಡರು. ಕನ್ನಡಿ ಸಡಿಲವಾಗಿರುವ ಕಾರು ಅವನದ್ದೇ. ವಿದ್ಯಾನಗರದಲ್ಲಿ ಮನೆಯ ಬಾಗಿಲು ಹಾಕಿತ್ತು. ಮಲ್ಲಿಕ್ ಇಳಿದು ಹೋಗಿ, ಬಾಗಿಲು ತಟ್ಟಿ, ಹಿಂದೆ ತಿರುಗಿ ಕೂಗಿದ: "ಮಾವಾ, ಹರಿದ್ವಾರ ಇನ್ನೂ ಎದ್ದಿಲ್ಲ!"

ಅಮೂಲ್ಯ ಒದ್ದೆ ತಲೆಯಲ್ಲೇ ಬಂದು ಕಾರು ಹತ್ತಿದಳು. ಇವರು ಗಡಿಯಾರ ನೋಡಿ ಲಾಗ್ ಬುಕ್ಕಿನಲ್ಲಿ ಏನೋ ಬರೆದರು. ಅವಳು, "ಬರ್ಕೊಳ್ಳಿ ಬರ್ಕೊಳ್ಳಿ, ಮೆಮೋ ಕೊಡಿ" ಎಂದಳು.

ಹೊಳೆಹೊನ್ನೂರು ಮುಟ್ಟುವಾಗ ಹತ್ತೂವರೆ. ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಒಂದು ಅರಳಿಕಟ್ಟೆ ಸಿಕ್ಕಿತು. ಸ್ಟೌವು, ಸಿಲಿಂಡರು, ರವೆ, ಆರು ಚೀಲ, ಮಡಚುವ ಕುರ್ಚಿ ಎಲ್ಲವನ್ನೂ ಇಳಿಸಿದರು. ಇಳಿಸಿ, ಕಟ್ಟೆಗೆ ಸಾಲಾಗಿ ಜೋಡಿಸಿ, ಎಣಿಸಿ, ಇವರು ಲಾಗ್ ಬುಕ್ ನನ್ನ ಮುಂದೆ ಹಿಡಿದರು.

"ಇಲ್ಲಿ ಸಹಿ ಹಾಕು. ಬೇಸ್ ಕ್ಯಾಂಪ್ ಚಾರ್ಜ್ ತಗೊಂಡೆ ಅಂತ. ನಾವು ಕೇದಾರ ಮುಗಿಸಿ ಒಂದು ಗಂಟೆಗೆ ಬರ್ತೀವಿ. ಉಪ್ಪಿಟ್ಟು, ಮೊಸರನ್ನ."

"ಕೂಡ್ಲಿ ನಾನೂ ನೋಡಿ ಬಹಳ ವರ್ಷ ಆಯ್ತು" ಎಂದೆ.

"ಟ್ರಯಲ್ ಅಂದ್ರೆ ಪೂರ್ತಿ ಟ್ರಯಲ್ ಕಣೇ. ಅಲ್ಲಿ ಹೆಂಗೋ ಇಲ್ಲೂ ಹಂಗೆ."

ನಾನು ಸಹಿ ಹಾಕಿದೆ. ಪುಸ್ತಕ ನನ್ನ ಬಳಿಯೇ ಉಳಿಯಿತು. ಕಾರು ಹೊರಟಿತು. ಅಮೂಲ್ಯ ಕಿಟಕಿಯಿಂದ ತಿರುಗಿ ನೋಡಿದಳು, ಆಮೇಲೆ ತಿರುವಿನಲ್ಲಿ ಕಾಣದಾದಳು.

ಸ್ಟೌ ಹಚ್ಚಿದೆ. ಬಾಣಲೆ ಇಟ್ಟೆ. ರವೆ ಹಾಕಿ ಕೈಯಾಡಿಸುತ್ತ ಕೂತೆ. ಬಿಸಿಲು ಎಲೆಗಳ ನಡುವಿನಿಂದ ಇಳಿಯುತ್ತಿತ್ತು. ಭದ್ರೆ ಅಲ್ಲೇ ಕೆಳಗೆ, ಬೇಸಿಗೆಯಲ್ಲಿ ಕಲ್ಲು ತೋರಿಸಿಕೊಂಡು ಹರಿಯುತ್ತಿದ್ದಳು. ಅವಳು ಇಲ್ಲಿಂದ ಮುಂದೆ ಹೋಗಿ ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಅವಳಿಗೆ ಯಾರೂ ರಿಲೀವರ್ ಕೇಳುವುದಿಲ್ಲ. ರವೆ ಕೆಂಪಗಾಗುವ ವಾಸನೆ ಬಂತು. ಆ ವಾಸನೆಯ ಜೊತೆ, ಎಲ್ಲಿಂದಲೋ, ಕೊಬ್ಬರಿ ತುರಿಯುವ ಸದ್ದೂ ಗೋಡೆಯಾಚೆ ಅಪ್ಪನ ಮಂಗಳದ ರಾಗವೂ ಬಂತು. ಐವತ್ತು ವರ್ಷವಾಗಿತ್ತು. ಗೋಡೆ ಅಲ್ಲೇ ಇತ್ತು.

ಸ್ಟೌ ಆರಿಸಿದೆ. ಸಿಲಿಂಡರಿನ ತಿರುಪು ಬಿಗಿ ಮಾಡಿದೆ. ಬಾಣಲೆಗೆ ತಟ್ಟೆ ಮುಚ್ಚಿದೆ. ಚೀಲಗಳನ್ನು ಕಟ್ಟೆಯ ಒಳಮೂಲೆಗೆ ಸರಿಸಿದೆ. ಲಾಗ್ ಬುಕ್ಕಿನಲ್ಲಿ ನನ್ನ ಸಹಿಯ ಕೆಳಗೆ ಬರೆದೆ: "ಹನ್ನೊಂದೂ ಹತ್ತು. ರಿಲೀವರ್ ಬಂದಿಲ್ಲ. ಬರುವವರೂ ಇಲ್ಲ. ಸೀಟು ಬಿಟ್ಟಿದ್ದೇನೆ. ದಾಕ್ಷಾಯಣಿ." ಪುಸ್ತಕವನ್ನು ಸೆರಗಿನಡಿ ಹಿಡಿದು ರಸ್ತೆಗೆ ಬಂದೆ. ಆಟೋ ಸಿಕ್ಕಿತು.

ಕೂಡ್ಲಿಯಲ್ಲಿ ಮೊದಲು ಕಂಡವರು ಇವರೇ. ನದಿಗೆ ಇಳಿಯುವ ಮೆಟ್ಟಿಲುಗಳ ಮೇಲ್ತುದಿಯಲ್ಲಿ, ಎರಡೂ ಕೈಯಲ್ಲಿ ಬಲಮಂಡಿ ಹಿಡಿದು ಕೂತಿದ್ದರು. ಪಕ್ಕದಲ್ಲಿ ಚಪ್ಪಲಿಗಳ ರಾಶಿ. ಇಳಿದವರೆಲ್ಲ ಇವರನ್ನೇ ಕಾವಲಿಗೆ ಬಿಟ್ಟು ಹೋಗಿದ್ದರು. ಕೆಳಗೆ ಚೌಡಮ್ಮ ನೀರಿನಲ್ಲಿ ಕಾಲಿಟ್ಟುಕೊಂಡು, "ಇದೆಂಥ ಕೇದಾರ ಮಾರಾಯ್ರೆ, ಹತ್ತೋದು ಬಿಟ್ಟು ಇಳೀತಿದ್ದೀವಿ!" ಎನ್ನುತ್ತಿದ್ದದ್ದು ಮೇಲಿನವರೆಗೂ ಕೇಳುತ್ತಿತ್ತು.

ಇವರು ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು, ಆಗಲಿಲ್ಲ.

"ಸ್ಟೌ ಎಲ್ಲಿ?"

"ಸೋನ್‌ಪ್ರಯಾಗದಲ್ಲಿದೆ."

"ಚಾರ್ಜ್ ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ಲ."

"ಯಾರಿಗೂ ಇಲ್ಲ ಅಂದ್ರೆ?"

ಪುಸ್ತಕ ಕೊಟ್ಟೆ. ಕನ್ನಡಕ ಏರಿಸಿ ಓದಿದರು. ಅವರ ಮುಖ ಬಿಳಿಚಿಕೊಂಡಿತು. ಮೂವತ್ತಾರು ವರ್ಷದಲ್ಲಿ ಇಂಥ ಒಂದು ಸಾಲು ಅವರ ಲಾಗ್ ಬುಕ್ಕಿನಲ್ಲಿ ಯಾರೂ ಬರೆದಿರಲಿಲ್ಲ. ನಾನೇ ಬರೆದೆ ಎಂದು ಅವರಿಗೆ ನಂಬಲಾಗುತ್ತಿರಲಿಲ್ಲ.

"ಸೀಟು ಬಿಟ್ಟು ಬಂದ್ಯಾ? ಹಂಗೇ?" ಎಂದರು. "ಕುಲುಮೆ ಮುಂದಿಂದ ಹಿಂಗೆ ಯಾರಾದ್ರೂ ಎದ್ದು ಹೋಗಿದ್ರೆ ಏನಾಗ್ತಿತ್ತು ಗೊತ್ತಾ?"

"ಕುಲುಮೆಗೆ ಮೂರು ಶಿಫ್ಟಿಗೆ ಮೂರು ಜನ ಇದ್ರು" ಎಂದೆ. "ನಿಮ್ಮಲ್ಲಿ ರಿಲೀವರ್ ಇಲ್ಲದ ಸೀಟು ಯಾವುದಾದ್ರೂ ಇತ್ತಾ?"

"ಇಲ್ಲ. ಎಲ್ಲಕ್ಕೂ ಇರ್ತಿದ್ರು."

"ಹಂಗಾದ್ರೆ ನಾನು ಮಾಡೋದು ಕೆಲಸ ಅಲ್ಲ ಅಂತಾಯ್ತು. ಕೆಲಸ ಅಲ್ಲದ್ದನ್ನ ಬಿಟ್ಟು ಬಂದ್ರೆ ತಪ್ಪೇನು?"

ನಾನು ಜಗಳಕ್ಕೆ ಕೇಳಿದ್ದಲ್ಲ. ನನಗೂ ತಿಳಿಯಬೇಕಿತ್ತು. ಇವರು ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದರು, ಉತ್ತರ ಅಲ್ಲೆಲ್ಲೋ ಬರೆದಿಟ್ಟಿದ್ದಾರೆ ಎಂಬಂತೆ.

ಅಷ್ಟರಲ್ಲಿ ನಾಗಯ್ಯ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಅಕ್ಕಾರೇ! ಉಪ್ಪಿಟ್ಟು ಇಲ್ಲಿಗೇ ತಂದ್ರಾ?" ಎಂದು ನಮ್ಮಿಬ್ಬರ ಮುಖ ನೋಡಿದರು. ಇವರು ಪುಸ್ತಕ ಅವರ ಕಡೆ ಚಾಚಿದರು. ನಾಗಯ್ಯ ಓದಿ ನಗಲು ಶುರು ಮಾಡಿದರು. ಕ್ರೇನಿನ ಮೇಲಿನಿಂದ ನಕ್ಕು ಅಭ್ಯಾಸವಾದ ನಗು ಅದು, ಇಡೀ ಊರಿಗೆ ಕೇಳುವಂಥದ್ದು.

"ನಗಬೇಡ ನಾಗಯ್ಯ. ಸಿಲಿಂಡರ್ ಒಂದೇ ಬಿದ್ದಿದೆ ಅಲ್ಲಿ."

"ಬಿದ್ದಿರ್ಲಿ ಬಿಡಿ. ನಿಮಗೆ ಇಲ್ಲಿಂದ ನೀರಿಗೆ ಇಳಿಯೋಕಾಗ್ತಿಲ್ಲ, ಅಲ್ಲಿ ಹದಿನೆಂಟು ಕಿಲೋಮೀಟರ್ ಹತ್ತೋರು ಯಾರು? ಅಕ್ಕಾರು ಆಟೋ ಹಿಡ್ಕೊಂಡು ಬಂದ್ರು, ನೋಡಿ, ಏದುಸಿರೂ ಇಲ್ಲ." ನಾಗಯ್ಯ ಕಣ್ಣು ಒರೆಸಿಕೊಂಡರು. "ಒಂದು ದಿನ ನಾನು ಕೂತ್ಕೋತೀನಿ ಮಾರಾಯ್ರೆ, ನೀವು ಕುದುರೆ ಮೇಲೆ ಹೋಗಿ ಬನ್ನಿ. ಆಮೇಲೆ ನೀವು ಕೂತ್ಕೊಳ್ಳಿ, ನಾನು ಹೋಗ್ತೀನಿ. ಇಷ್ಟು ವರ್ಷ ಕಾರ್ಖಾನೇಲಿ ನಾವೆಲ್ಲ ಮಾಡಿದ್ದು ಇದನ್ನೇ ಅಲ್ವಾ?"

"ಅಡುಗೆ?" ಎಂದರು ಇವರು, ಬಹಳ ಸಣ್ಣ ಧ್ವನಿಯಲ್ಲಿ.

ನಾಗಯ್ಯನ ನಗು ಅಲ್ಲಿ ನಿಂತಿತು. "ಅಡುಗೆ ನನಗೆ ಬರಲ್ಲಪ್ಪ" ಎಂದರು.

ನಾನು ಚಪ್ಪಲಿ ಕಳಚಿ ಆ ರಾಶಿಗೇ ಸೇರಿಸಿ, ಮೆಟ್ಟಿಲಿಳಿದು ಹೋದೆ. ಅಮೂಲ್ಯ ಕೆಳಗಿನಿಂದ, "ಅಮ್ಮಾ, ನೀನು ಬಂದ್ಯಾ!" ಎಂದು ಕೂಗಿ ಕೈ ಚಾಚಿದಳು. ನೀರು ತಣ್ಣಗಿತ್ತು. ಎರಡು ಹೊಳೆಗಳು ಸೇರುವ ಗೆರೆ ಬೇಸಿಗೆಯಲ್ಲಿ ಸರಿಯಾಗಿ ಕಾಣುತ್ತದೆ. ಅದನ್ನು ನೋಡುತ್ತ, ಯಾರಾದರೂ ಕರೆಯುವವರೆಗೆ ಎಂದು ನಿಂತುಕೊಂಡೆ. ಯಾರೂ ಕರೆಯಲಿಲ್ಲ.

ಹೊಳೆಹೊನ್ನೂರಿಗೆ ವಾಪಸು ಬರುವಷ್ಟೂ ದೂರ ಇವರು ಸಿಲಿಂಡರು, ಸಿಲಿಂಡರು ಎನ್ನುತ್ತಲೇ ಇದ್ದರು. ಸಿಲಿಂಡರು ಇಟ್ಟಲ್ಲೇ ಇತ್ತು. ಆರು ಚೀಲವೂ ಇದ್ದವು. ಮಡಚುವ ಕುರ್ಚಿಯ ಪಕ್ಕ ಒಂದು ಆಡು ನಿಂತು, ತಟ್ಟೆ ಸರಿಸಿ, ನಾನು ಅರ್ಧ ಹುರಿದಿಟ್ಟ ರವೆಯನ್ನು ಸಮಾಧಾನವಾಗಿ ನೆಕ್ಕುತ್ತಿತ್ತು. ಕರಿಬೇವು ಆಗಲೇ ಮುಗಿದಿತ್ತು.

"ರಿಲೀವರ್ ಬಂದಿದೆಯಲ್ಲ ಮಾವ!" ಎಂದ ಮಲ್ಲಿಕ್. "ಸಹಿ ತಗೊಳ್ಳಿ."

ಇವರೂ ನಕ್ಕರು, ಎಲ್ಲರಿಗಿಂತ ತಡವಾಗಿ. ಊಟಕ್ಕೆ ಶಿವಮೊಗ್ಗದ ಹೋಟೆಲಿಗೆ ಹೋದೆವು. ಹೊರಗಿನ ಊಟ ಆಗದವರು ಮೂರು ಪೂರಿ ತಿಂದು, ಸಾಗು ಎರಡನೇ ಸಲ ಹಾಕಿಸಿಕೊಂಡರು. ನಾನು ನೋಡಿದೆ.

ಏಳನೇ ಚಾರ್ಟು ಬುಧವಾರ ಗೋಡೆ ಹತ್ತಿತು. ಬಾಗಿಲು ಹಾಕಿಕೊಂಡು ಬರೆದಿದ್ದರು. ಗೋಕರ್ಣ ಮೊದಲಿನ ಸಾಲಿನಲ್ಲೇ ಇತ್ತು. ಪಂಢರಪುರ ಹೇಗೋ ನುಸುಳಿತ್ತು. ಹಗಲಿನ ಊಟ ಎಂಬಲ್ಲಿ "ಹೋಟೆಲು" ಎಂದು ಸಣ್ಣ ಅಕ್ಷರದಲ್ಲಿತ್ತು. ಕೊನೆಗೆ, ಸೋನ್‌ಪ್ರಯಾಗ: ಮೊದಲ ದಿನ ನಾಗಯ್ಯ, ರಿಲೀವರ್ ಉಜ್ಜನಪ್ಪ. ಎರಡನೇ ದಿನ ಉಜ್ಜನಪ್ಪ, ರಿಲೀವರ್ ನಾಗಯ್ಯ. ಕೆಲಸ: ಲಗೇಜು ಕಾವಲು ಮತ್ತು ಎ ಶಿಫ್ಟಿನ ಉಪ್ಪಿಟ್ಟು. ಕೇದಾರ: ದಾಕ್ಷಾಯಣಮ್ಮ, ಎರಡೂ ದಿನ. ನನ್ನ ಮುಂದೆ ರಿಲೀವರ್ ಕಾಲಮ್ಮಿನಲ್ಲಿ "ಬೇಡ" ಎಂದು ಬರೆದಿದ್ದರು.

ನಾನು ಅದನ್ನು ಎರಡು ಸಲ ಓದಿದೆ. ಇವರು ಪಕ್ಕದಲ್ಲಿ ನಿಂತು ಸ್ಕೆಚ್ ಪೆನ್ನಿನ ಮುಚ್ಚಳ ಹಾಕುತ್ತ, ತೆಗೆಯುತ್ತ ಇದ್ದರು.

"ಉಪ್ಪಿಟ್ಟು ಯಾರು ಮಾಡ್ತಾರೆ?" ಎಂದು ಕೇಳಿದೆ.

"ನಾಗಯ್ಯಂಗೂ ನಂಗೂ ನೀನೇ ಕಲಿಸಬೇಕು."

"ಹೊರಡೋಕೆ ಇನ್ನು ಹದಿನೆಂಟು ದಿನ ಇದೆ ಅಷ್ಟೆ."

"ಸಾಕು. ದಿನಾ ಎ ಶಿಫ್ಟಲ್ಲಿ ಒಂದು ಟ್ರಯಲ್" ಎಂದರು.

ಆವತ್ತಿನಿಂದ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಇವರದ್ದೇ. ಎ ಶಿಫ್ಟು ಆರಕ್ಕೆ ಶುರುವಾಗುತ್ತದೆ, ಉಪ್ಪಿಟ್ಟು ಒಂಬತ್ತಕ್ಕೆ ಬರುತ್ತದೆ. ಮೊದಲ ದಿನ ಉಪ್ಪಿರಲಿಲ್ಲ. ಎರಡನೇ ದಿನ ಎರಡೂ ದಿನದ್ದು ಸೇರಿತ್ತು. ಮೂರನೇ ದಿನ ನಾಗಯ್ಯನೂ ಬಂದು ನಿಂತು, ನೀರು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಮೇಲಿನಿಂದ ಕ್ರೇನು ನಡೆಸುವವರಂತೆ ಕೈ ಬೀಸುತ್ತಿದ್ದರು. ಈ ಹೊತ್ತು ಆರನೆಯ ಟ್ರಯಲ್. ನಾನು ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಹಾಲಿನಲ್ಲಿ ಕೂತಿದ್ದೇನೆ. ಒಳಗೆ ಒಗ್ಗರಣೆ ಸೀದ ವಾಸನೆ, ತಟ್ಟೆ ಬಿದ್ದ ಸದ್ದು, "ಗಂಟು ಕಟ್ತು ಕಣೋ ನಾಗಯ್ಯ, ಬೇಗ ತಿರುವು!" ಎಂಬ ಕೂಗು.

ಎದ್ದು ಹೋಗಿ ಸರಿ ಮಾಡಲು ಕಾಲು ತಾನಾಗಿ ಒಮ್ಮೆ ಮುಂದಕ್ಕೆ ಬಂತು. ಕಾಲನ್ನು ಹಿಂದಕ್ಕೆ ಎಳೆದು, ಸೆರಗು ಸರಿಪಡಿಸಿಕೊಂಡು, ಗೋಡೆಗೆ ಒರಗಿ ಕೂತೆ. ಗಂಟಿದ್ದರೂ ತಿಂದೇ ಏಳುತ್ತೇನೆ.